ಮದುವೆಮನೆಯಲ್ಲಿ ಮಿಕ್ಕ ಅಡುಗೆಯನ್ನು ಆಶ್ರಮಕ್ಕೆ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ ಕಾನೂನಿನ ಹೊಣೆ ಯಾರದು?

ಮಂಟಪದ_ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಸಮೀಪದ ಒಂದು ಸಮುದಾಯ ಭವನದ ಆಡಳಿತ ಸಮಿತಿಯಲ್ಲಿ ನಾನು ಆರು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಕಳೆದ ತಿಂಗಳು ಒಂದು ಮದುವೆಯ ದಿನ ಬೆಳಗಿನಿಂದಲೇ ಮಳೆ ಹಿಡಿದಿತ್ತು. ಎಂಟುನೂರು ಜನರಿಗೆ ಅಡುಗೆ ಮಾಡಿಸಿದ್ದರು, ಊಟಕ್ಕೆ ಬಂದವರು ಐನೂರು ದಾಟಲಿಲ್ಲ. ಎರಡು ಕೊಳಗ ಅನ್ನ, ಒಂದು ಕೊಳಗ ಹುಳಿ, ಪಲ್ಯ, ಪಾಯಸ ಮತ್ತು ಮುಟ್ಟದೇ ಇದ್ದ ಇನ್ನೂರಕ್ಕೂ ಹೆಚ್ಚು ಹೋಳಿಗೆ ಮಿಕ್ಕವು. ಅವೆಲ್ಲವೂ ಅಡುಗೆಮನೆಯಲ್ಲೇ ಇದ್ದವು. ಪಂಕ್ತಿಗೆ ಹೋಗಿ ಮರಳಿದ ಒಂದು ಸೌಟೂ ಅದರಲ್ಲಿ ಇರಲಿಲ್ಲ.

ನಾಲ್ಕು ಕಿಲೋಮೀಟರು ದೂರದ ವೃದ್ಧಾಶ್ರಮಕ್ಕೆ ಫೋನ್ ಮಾಡಿದೆ, ಅವರು ಒಪ್ಪಿದರು. ಆದರೆ ಅಡುಗೆ ಗುತ್ತಿಗೆದಾರರು ಕೊಡಲು ಒಪ್ಪಲಿಲ್ಲ. ನಾಳೆ ಅಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ತಮ್ಮ ಲೈಸೆನ್ಸ್ ಹೋಗುತ್ತದೆ ಎಂದರು. ಹೆಣ್ಣಿನ ತಂದೆಯೂ ಹೆದರಿದರು. ಕೊನೆಗೆ ಸಂಜೆ ನಾಲ್ಕು ಗಂಟೆಗೆ ಹಿತ್ತಲಿನಲ್ಲಿ ಹೊಂಡ ತೆಗೆಸಿ ಎಲ್ಲವನ್ನೂ ಸುರಿದು ಮುಚ್ಚಿದೆವು. ಆ ದೃಶ್ಯ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ.

ನನ್ನ ಪ್ರಶ್ನೆಗಳು ಮೂರು. ಹಾಗೆ ಕೊಟ್ಟಿದ್ದರೆ ಹೊಣೆ ಯಾರ ಮೇಲೆ ಬರುತ್ತಿತ್ತು? ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ ನಮ್ಮ ಕಾನೂನಿನಲ್ಲಿ ರಕ್ಷಣೆ ಇದೆಯೇ? ಆಶ್ರಮದವರಿಂದ "ನಮ್ಮದೇ ಜವಾಬ್ದಾರಿ" ಎಂದು ಬರೆಸಿಕೊಂಡರೆ ಸಾಕೇ?

ತುಂಗೆಯ_ದಡ

ನಮ್ಮ ಮನೆಯ ಗೃಹಪ್ರವೇಶದಲ್ಲಿಯೂ ಇದೇ ಮಾತು ಕೇಳಬೇಕಾಯಿತು, ಆದ್ದರಿಂದ ಉತ್ತರಕ್ಕಾಗಿ ನಾನೂ ಕಾಯುತ್ತೇನೆ.

ಹಳೇ_ಮೈಸೂರಿಗ

ಸರ್, ಇಷ್ಟೊಂದು ಹೆದರುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಅನ್ನದಾನ ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮಠಗಳಲ್ಲಿ, ಧರ್ಮಸ್ಥಳದಲ್ಲಿ, ಶೃಂಗೇರಿಯಲ್ಲಿ ದಿನಕ್ಕೆ ಸಾವಿರಾರು ಜನ ಉಣ್ಣುತ್ತಾರೆ. ಹಣ ಪಡೆಯದೆ ಕೊಟ್ಟ ಊಟಕ್ಕೆ ಯಾವ ಕಾನೂನು ಅನ್ವಯಿಸುತ್ತದೆ? ಮಾರಾಟವಿದ್ದರೆ ತಾನೇ ಗ್ರಾಹಕ?

ವಕೀಲ_ಹುಬ್ಬಳ್ಳಿ

ಮೈಸೂರಿನವರ ಮಾತು ಅರ್ಧ ಮಾತ್ರ ಸರಿ, ಮತ್ತು ಉಳಿದರ್ಧವನ್ನು ನಂಬಿ ನಡೆದವರು ತೊಂದರೆಗೆ ಸಿಕ್ಕುತ್ತಾರೆ ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೆಂದರೆ ಪ್ರತಿಫಲ ಕೊಟ್ಟು ಕೊಂಡವನು. ಹಾಗಾಗಿ ಪುಕ್ಕಟೆ ಉಂಡವರು ಗ್ರಾಹಕ ಆಯೋಗಕ್ಕೆ ಹೋಗುವುದು ಕಷ್ಟ. ಇದು ಸರಿಯಾದ ಅರ್ಧ. ಆದರೆ ಆಹಾರಕ್ಕೆಂದೇ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬೇರೆ ಇದೆ. ಅದರಲ್ಲಿ ಆಹಾರ ಉದ್ಯಮದ ವ್ಯಾಖ್ಯೆಯೇ "ಲಾಭಕ್ಕಾಗಿ ಇರಲಿ, ಇಲ್ಲದಿರಲಿ" ಎಂದು ಆರಂಭವಾಗುತ್ತದೆ. ಅಸುರಕ್ಷಿತ ಆಹಾರಕ್ಕೆ ಶಿಕ್ಷೆ ಹೇಳುವ 59ನೆಯ ಕಲಂ ಮಾರಿದವರ ಜೊತೆಯಲ್ಲಿಯೇ ಹಂಚಿದವರನ್ನೂ ಹೆಸರಿಸುತ್ತದೆ. ಆ ಆಹಾರದಿಂದ ಸಾವು ಸಂಭವಿಸಿದರೆ ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲದಂತೆ ಜೀವಾವಧಿಯವರೆಗೆ ಹೋಗಬಹುದು, ದಂಡ 10 ಲಕ್ಷಕ್ಕೆ ಕಡಿಮೆಯಿರುವುದಿಲ್ಲ. 65ನೆಯ ಕಲಮಿನಲ್ಲಿ ಪರಿಹಾರದ ಮಾತಿದೆ. ಸಾವಿಗೆ ಕನಿಷ್ಠ 5 ಲಕ್ಷ.

ಇನ್ನು ರಕ್ಷಣೆಯ ಪ್ರಶ್ನೆ. 80ನೆಯ ಕಲಂ ಆರೋಪಿಗೆ ಇರುವ ಸಮರ್ಥನೆಗಳನ್ನು ಹೇಳುತ್ತದೆ. ತಾನು ಎಲ್ಲ ಯುಕ್ತ ಮುನ್ನೆಚ್ಚರಿಕೆಗಳನ್ನು ತೆಗೆದುಕೊಂಡಿದ್ದೆ, ತಕ್ಕ ಶ್ರದ್ಧೆ ವಹಿಸಿದ್ದೆ ಎಂದು ಆತ ಸಾಬೀತು ಮಾಡಿದರೆ ಪಾರಾಗಬಹುದು. ಆದರೆ ಅದೇ ಕಲಂ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ತಪ್ಪಾಗಿ, ಆದರೆ ಸಮಂಜಸವಾಗಿ ನಂಬಿದ್ದೆ ಎಂಬುದು ಸಮರ್ಥನೆಯಾಗುವುದಿಲ್ಲ. ಎಂದರೆ, "ಅನ್ನ ಚೆನ್ನಾಗಿಯೇ ಇದೆ ಎಂದುಕೊಂಡಿದ್ದೆ" ಎಂಬ ಪ್ರಾಮಾಣಿಕ ಉತ್ತರ ನಿಮ್ಮನ್ನು ಕಾಪಾಡದು. ಕಾಯ್ದೆಯ 88ನೆಯ ಕಲಮಿನಲ್ಲಿ "ಸದ್ಭಾವನೆಯಿಂದ ಮಾಡಿದ ಕ್ರಮಕ್ಕೆ ರಕ್ಷಣೆ" ಎಂಬ ಶೀರ್ಷಿಕೆಯನ್ನು ನೋಡಿ ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ರಕ್ಷಣೆ ಇರುವುದು ಸರ್ಕಾರಕ್ಕೆ, ಪ್ರಾಧಿಕಾರಕ್ಕೆ ಮತ್ತು ಅವುಗಳ ಅಧಿಕಾರಿಗಳಿಗೆ, ಅನ್ನ ಕೊಟ್ಟವರಿಗಲ್ಲ.

ಕಾರ್ಯದರ್ಶಿಗಳು ಕೇಳಿದ ಮೂರನೆಯ ಪ್ರಶ್ನೆಗೆ ಉತ್ತರ: ಬರೆಸಿಕೊಂಡ ಪತ್ರ ಕ್ರಿಮಿನಲ್ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಇದ್ದೇ ಇದೆ. ಆಶ್ರಮದ ವ್ಯವಸ್ಥಾಪಕರು ಸಹಿ ಹಾಕಿದ ಮಾತ್ರಕ್ಕೆ ಅಲ್ಲಿ ಉಣ್ಣುವ ಎಂಬತ್ತು ವರ್ಷದ ಅಜ್ಜಿಯ ಹಕ್ಕು ಹೋಗುವುದಿಲ್ಲ, ಹೋಗಲೂಬಾರದು.

ಅಡುಗೆ_ಗುತ್ತಿಗೆ

ಮೂವತ್ತು ವರ್ಷಗಳಿಂದ ಈ ಕೆಲಸದಲ್ಲಿ ಇರುವವನಾಗಿ ಹೇಳುತ್ತೇನೆ, ನಮ್ಮನ್ನು ಕಲ್ಲುಮನಸ್ಸಿನವರೆಂದು ತಿಳಿಯಬೇಡಿ. ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚಿ ಮಾಡಿದ ಅಡುಗೆ ಹೊಂಡಕ್ಕೆ ಹೋಗುವುದನ್ನು ನೋಡುವುದು ಎಲ್ಲರಿಗಿಂತ ಹೆಚ್ಚು ನೋಯಿಸುವುದು ಮಾಡಿದವನನ್ನೇ. ಆದರೆ ಅಡುಗೆ ನಮ್ಮ ಕೈ ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ನಮಗೆ ಕಾಣುವುದಿಲ್ಲ. ಹತ್ತು ವರ್ಷಗಳ ಹಿಂದೆ ನಾನು ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟ ಅನ್ನವನ್ನು ಒಂದು ಹಾಸ್ಟೆಲಿನವರು ರಾತ್ರಿ ಒಂಬತ್ತಕ್ಕೆ ಬಡಿಸಿದರು. ಹನ್ನೊಂದು ಹುಡುಗರಿಗೆ ಹೊಟ್ಟೆ ಕೆಟ್ಟಿತು. ಎಲ್ಲರೂ ಮರುದಿನ ಸುಧಾರಿಸಿಕೊಂಡರು, ಮೊಕದ್ದಮೆ ಆಗಲಿಲ್ಲ. ಆದರೂ ಆ ವರ್ಷ ನನಗೆ ಒಪ್ಪಿಸಿದ್ದ ನಾಲ್ಕು ಮದುವೆಗಳು ಕೈತಪ್ಪಿದವು. ಏಳು ಗಂಟೆ ಆ ಅನ್ನ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಅಡುಗೆ ಮಾಡಿದವರು ಯಾರು ಎಂದಷ್ಟೇ ಕೇಳಿದರು.

ಸೂಕ್ಷ್ಮಜೀವಿ_ಪಾಠ

ಗುತ್ತಿಗೆದಾರರು ಹೇಳಿದ ಘಟನೆಯಲ್ಲಿ ಎಲ್ಲರೂ ಗಮನಿಸಬೇಕಾದದ್ದು ಆ ಏಳು ಗಂಟೆಗಳನ್ನು. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅನ್ನ ಆರುತ್ತಾ ಉಗುರುಬೆಚ್ಚಗಾದಾಗ ಅವು ಮೊಳೆತು, ಬೆಳೆದು, ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ಹಾಗಾಗಿ "ಬಿಸಿ ಮಾಡಿ ಕೊಟ್ಟಿದ್ದೇವೆ" ಎಂಬ ಮಾತು ಅನ್ನದ ವಿಷಯದಲ್ಲಿ ಭರವಸೆಯಲ್ಲ.

ಬಿಸಿಯಾಗಿರಬೇಕಾದದ್ದು 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ, ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನದೇ ಅಪಾಯದ ವಲಯ. ಆಳವಾದ ಕೊಳಗದಲ್ಲಿ ತುಂಬಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಆ ವಲಯದಲ್ಲೇ ಉಳಿಯುತ್ತದೆ. ಹೋಳಿಗೆಯ ಕಥೆ ಬೇರೆ, ಹುಣಸೆಹುಳಿ ಬಿದ್ದ ಪುಳಿಯೋಗರೆಯ ಕಥೆ ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಕೊಡಬಹುದಾದದ್ದೂ ಹೊಂಡ ಸೇರುತ್ತದೆ, ಕೊಡಬಾರದ್ದೂ ಆಶ್ರಮ ಸೇರುತ್ತದೆ.

ನ್ಯೂಜೆರ್ಸಿ_ಕನ್ನಡತಿ

ನಾನು ಇಲ್ಲಿ ಒಂಬತ್ತು ವರ್ಷಗಳಿಂದ ಒಂದು ಫುಡ್ ಪ್ಯಾಂಟ್ರಿಯಲ್ಲಿ, ಎಂದರೆ ದಾನವಾಗಿ ಬಂದ ಆಹಾರವನ್ನು ಅಗತ್ಯವಿರುವವರಿಗೆ ಹಂಚುವ ಕೇಂದ್ರದಲ್ಲಿ, ವಾರಕ್ಕೊಮ್ಮೆ ಸ್ವಯಂಸೇವೆ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇದೆ. 1977ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ದಾನಿಗಳಿಗೆ ರಕ್ಷಣೆ ಕೊಟ್ಟಿತು, ಬಳಿಕ ಉಳಿದ ರಾಜ್ಯಗಳೂ ಮಾಡಿದವು. ಆದರೆ ಪ್ರತಿ ರಾಜ್ಯದ ನಿಯಮ ಬೇರೆಯಾಗಿದ್ದರಿಂದ ಹಲವು ರಾಜ್ಯಗಳಲ್ಲಿ ಅಂಗಡಿಗಳನ್ನು ನಡೆಸುವ ಕಂಪನಿಗಳು ಹಿಂಜರಿದವು. 1996ರ ಅಕ್ಟೋಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಗೆ ಸಹಿ ಹಾಕಿದರು. ಅದಕ್ಕಾಗಿ ಶ್ರಮಿಸಿ ಅದೇ ವರ್ಷ ತೀರಿಕೊಂಡ ಮಿಸೌರಿಯ ಸಂಸದ ಬಿಲ್ ಎಮರ್ಸನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಅದರ ತಿರುಳು ಇಷ್ಟು: ನೋಡಿದರೆ ಉಣ್ಣಲು ಯೋಗ್ಯವೆಂದು ತೋರುವ ಆಹಾರವನ್ನು ಸದ್ಭಾವನೆಯಿಂದ ಲಾಭರಹಿತ ಸಂಸ್ಥೆಗೆ ಕೊಟ್ಟವರ ಮೇಲೂ, ಅದನ್ನು ಹಂಚಿದ ಸಂಸ್ಥೆಯ ಮೇಲೂ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ರಕ್ಷಣೆ ಇಲ್ಲ. ಒಂದು ಉದ್ದೇಶಪೂರ್ವಕ ದುಷ್ಕೃತ್ಯ. ಇನ್ನೊಂದು ಘೋರ ನಿರ್ಲಕ್ಷ್ಯ, ಎಂದರೆ ಇದರಿಂದ ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದೆ ಎಂದು ತಿಳಿದೂ ಮಾಡಿದ್ದು. 2023ರ ಜನವರಿಯಲ್ಲಿ ಒಂದು ತಿದ್ದುಪಡಿ ಬಂದು, ರೆಸ್ಟೋರೆಂಟ್ ಮುಂತಾದವರು ಅಗತ್ಯವಿರುವವರಿಗೆ ನೇರವಾಗಿ ಕೊಟ್ಟಾಗಲೂ, ಸಂಸ್ಥೆಗಳು ಬಹಳ ಕಡಿಮೆ ಬೆಲೆ ಪಡೆದು ಕೊಟ್ಟಾಗಲೂ ರಕ್ಷಣೆ ಸಿಗುವಂತಾಯಿತು.

ಅಂಗಡಿಯವರು ಹಿಂಜರಿದಾಗ ನಮ್ಮ ಪ್ಯಾಂಟ್ರಿಯವರು ಈ ಕಾಯ್ದೆಯ ಒಂದು ಪುಟದ ಸಾರಾಂಶವನ್ನು ಅವರ ಕೈಗೆ ಕೊಡುತ್ತಾರೆ. ಅನೇಕ ಸಲ ಅಷ್ಟೇ ಸಾಕಾಗುತ್ತದೆ.

ಹಳೇ_ಮೈಸೂರಿಗ

ವಕೀಲರ ವಿವರಣೆಗೆ ಧನ್ಯವಾದಗಳು, ಕಾಯ್ದೆಯ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಾಗಿತ್ತು ಎಂದು ಒಪ್ಪುತ್ತೇನೆ. ಆದರೂ ಒಂದು ಸಂದೇಹ ಉಳಿದಿದೆ. ನ್ಯಾಯಾಲಯಕ್ಕೆ ಹೋಗುವ ಶಕ್ತಿ ಆಶ್ರಮವಾಸಿಗಳಿಗೆ ಎಲ್ಲಿದೆ? ಹೋಗದ ಮೊಕದ್ದಮೆಗೆ ಹೆದರಿ ಅನ್ನ ಚೆಲ್ಲುವುದು ಸರಿಯೇ?

ಆಶ್ರಮದ_ಅಡುಗೆಮನೆ

ಮೈಸೂರಿನ ಹಿರಿಯರೇ, ನೀವು ಕೆಟ್ಟ ಉದ್ದೇಶದಿಂದ ಬರೆದಿಲ್ಲ ಎಂದು ಬಲ್ಲೆ. ಆದರೆ ಆ ವಾಕ್ಯವನ್ನು ನನ್ನ ಕಡೆಯಿಂದ ಒಮ್ಮೆ ಓದಿ ನೋಡಿ. ಅವರು ದೂರು ಕೊಡಲಾರರು, ಆದ್ದರಿಂದ ಹೆದರಬೇಡಿ ಎಂದಾಯಿತು. ನಮ್ಮಲ್ಲಿ ನಲವತ್ತಾರು ಹಿರಿಯರಿದ್ದಾರೆ, ಅರ್ಧಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಗಟ್ಟಿಮುಟ್ಟಾದ ಹುಡುಗನಿಗೆ ಒಂದು ದಿನದ ಹೊಟ್ಟೆನೋವಾಗಿ ಹೋಗುವುದು ಇವರಿಗೆ ಆಸ್ಪತ್ರೆಯ ದಾರಿಯಾಗುತ್ತದೆ.

ಮೂರು ವರ್ಷಗಳ ಹಿಂದೆ ಒಂದು ಸಮಾರಂಭದವರು ರಾತ್ರಿ ಹನ್ನೊಂದು ಗಂಟೆಗೆ ಆಟೋದಲ್ಲಿ ತಪ್ಪಲೆಗಳನ್ನು ತಂದು ಗೇಟಿನ ಮುಂದೆ ಇಳಿಸಿ, ನಮ್ಮ ಕಾವಲುಗಾರನಿಗೆ ಹೇಳಿ ಹೊರಟುಹೋದರು. ಯಾವಾಗ ಮಾಡಿದ ಅಡುಗೆ, ಎಲೆಗೆ ಬಡಿಸಿ ಮಿಕ್ಕದ್ದೋ ಅಡುಗೆಮನೆಯಲ್ಲೇ ಉಳಿದದ್ದೋ, ಏನೂ ತಿಳಿಯಲಿಲ್ಲ. ಮೊಸರನ್ನದ ಮೇಲೆ ಎಲೆಯ ಚೂರು ಇತ್ತು. ಅದನ್ನು ಹೊಂಡಕ್ಕೆ ಹಾಕುವ ಕೆಲಸ, ತಪ್ಪಲೆ ತೊಳೆದಿಡುವ ಕೆಲಸ ನಮ್ಮ ಪಾಲಿಗೆ ಬಂತು. ಎಂಜಲು ಬೇರೆ, ತಂಗಳು ಬೇರೆ, ಮಿಕ್ಕದ್ದು ಬೇರೆ ಎಂಬ ಅರಿವು ನಮ್ಮ ಅಜ್ಜಿಯರಿಗೆ ಇತ್ತು. ದಾನ ಎಂಬ ಹೆಸರು ಬಂದ ಕೂಡಲೇ ಅನೇಕರು ಅದನ್ನು ಮರೆಯುತ್ತಾರೆ.

ಕೊಡುವವರಿಗೆ ರಕ್ಷಣೆ ಬೇಕು ಎಂಬುದಕ್ಕೆ ನನ್ನ ವಿರೋಧವಿಲ್ಲ. ಆದರೆ ರಕ್ಷಣೆ ಮಾತ್ರ ಬಂದು ಷರತ್ತು ಬಾರದಿದ್ದರೆ, ಕೊಡುವವರ ಭಯವೆಲ್ಲ ಉಣ್ಣುವವರ ಹೊಟ್ಟೆಗೆ ವರ್ಗವಾಗುತ್ತದೆ.

ಹಳೇ_ಮೈಸೂರಿಗ

ಅಮ್ಮ, ತಪ್ಪಾಯಿತು. ಆ ಅರ್ಥದಲ್ಲಿ ನಾನು ಯೋಚಿಸಿರಲಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೊಳ್ಳೇಗಾಲದ_ಓದುಗ

ನಮ್ಮ ಕಡೆಯ ಭಯಕ್ಕೆ ಬೇರೆಯೇ ಕಾರಣವಿದೆ ಎಂದು ಹೇಳಲೇಬೇಕು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ಉಂಡು 17 ಜನ ಸತ್ತರು. ನಮ್ಮ ಬಂಧುಗಳ ಊರಿನವರೂ ಅದರಲ್ಲಿ ಇದ್ದರು. ಆ ಮೇಲೆ ಎಷ್ಟೋ ಊರುಗಳಲ್ಲಿ ಸಾಮೂಹಿಕ ಊಟವೆಂದರೆ ಹಿಂಜರಿಯುವಂತಾಯಿತು. ದಾನಿಗಳಿಗೆ ಕಾನೂನಿನ ರಕ್ಷಣೆ ಎಂದು ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ದಿನ. ಇಂಥವರೂ ಪಾರಾಗಿಬಿಟ್ಟರೆ?

ವಕೀಲ_ಹುಬ್ಬಳ್ಳಿ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಸುಳ್ವಾಡಿಯಲ್ಲಿ ನಡೆದದ್ದು ಪ್ರಸಾದಕ್ಕೆ ಬೇಕೆಂದೇ ಕೀಟನಾಶಕ ಬೆರೆಸಿದ ಪ್ರಕರಣ. ಅದು ಕೊಲೆಯ ಆರೋಪ, ಆಹಾರ ಕೆಟ್ಟ ಪ್ರಕರಣವಲ್ಲ. ಉದ್ದೇಶಪೂರ್ವಕ ಕೃತ್ಯಕ್ಕೆ ಅಮೆರಿಕದ ಕಾಯ್ದೆಯೂ ರಕ್ಷಣೆ ಕೊಡುವುದಿಲ್ಲ ಎಂದು ಸಹೋದರಿ ಮೇಲೆ ಬರೆದಿದ್ದಾರೆ. ಇವೆರಡನ್ನೂ ಬೆರೆಸಿ ಯೋಚಿಸಿದರೆ ಒಳ್ಳೆಯ ದಾನಿಗೂ ಅನ್ಯಾಯ, ಸತ್ತವರಿಗೂ ಅನ್ಯಾಯ.

ನಿವೃತ್ತ_ಇನ್‌ಸ್ಪೆಕ್ಟರ್

ಆಹಾರ ಸುರಕ್ಷತೆಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇಲ್ಲಿಯವರೆಗೆ ಯಾರೂ ಪ್ರಸ್ತಾಪಿಸದ ಒಂದು ವಿಷಯವಿದೆ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಹಂಚುವ ಸಂಸ್ಥೆ ನೋಂದಣಿ ಮಾಡಿಸಿಕೊಂಡಿರಬೇಕು. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬ ದಾಖಲೆ ಇಡಬೇಕು. ಬೇಯಿಸಿದ ಅಡುಗೆಯ ಮೇಲೆ ಹೆಸರು, ಕೊಟ್ಟವರ ವಿವರ, ಸಸ್ಯಾಹಾರವೋ ಮಾಂಸಾಹಾರವೋ ಎಂಬುದು ಇರುವ ಚೀಟಿ ಅಂಟಿಸಿರಬೇಕು. ರಾಜ್ಯಮಟ್ಟದಲ್ಲಿ ಇದನ್ನು ನೋಡಿಕೊಳ್ಳಲು ಸಮಿತಿಯೂ ಇರಬೇಕು.

ಇನ್ನೊಂದು ಮಾತು: 2011ರ ಲೈಸೆನ್ಸ್ ನಿಯಮಗಳಲ್ಲಿ ಧಾರ್ಮಿಕ ಅಥವಾ ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ಸಣ್ಣ ಆಹಾರ ತಯಾರಕರ ವ್ಯಾಖ್ಯೆಯೊಳಗೆ ಸೇರಿಸಲಾಗಿದೆ. ಅದು ಬಹಳ ಜನರಿಗೆ ಗೊತ್ತೇ ಇಲ್ಲ.

ತುಂಗೆಯ_ದಡ

ಹಾಗಾದರೆ 2019ರ ನಿಯಮ ಪಾಲಿಸಿದವರಿಗೆ ರಕ್ಷಣೆ ಸಿಗುತ್ತದೆ ಎಂದು ತಿಳಿಯಬಹುದೇ?

ವಕೀಲ_ಹುಬ್ಬಳ್ಳಿ

ಇಲ್ಲ, ಕೊರತೆ ಇರುವುದೇ ಅಲ್ಲಿ. ಆ ನಿಯಮಾವಳಿ ದಾನಿಯ ಮತ್ತು ಸಂಸ್ಥೆಯ ಕರ್ತವ್ಯಗಳನ್ನು ಹೇಳುತ್ತದೆ. ಅವನ್ನು ಪಾಲಿಸಿದವರ ಮೇಲೆ ಹೊಣೆ ಬರುವುದಿಲ್ಲ ಎಂದು ಹೇಳುವುದಿಲ್ಲ. ಆದರೂ ಪಾಲಿಸುವುದರಿಂದ ಪ್ರಯೋಜನವಿದೆ. ನಾನು ಮೊದಲು ಹೇಳಿದ ತಕ್ಕ ಶ್ರದ್ಧೆಯ ಸಮರ್ಥನೆಗೆ ಆ ದಾಖಲೆ, ಆ ಚೀಟಿ, ಆ ಸಮಯದ ನಮೂದು ಇವೇ ಸಾಕ್ಷ್ಯ.

ಬೆಳಗಾವಿ_ಪಾಟೀಲ

ನಮ್ಮ ರಾಜ್ಯವೇ ಒಂದು ಕಾಯ್ದೆ ಮಾಡಬಾರದೇಕೆ? ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು, ಕೋರ್ಟು ಎಂದು ಅಲೆಸುತ್ತಿದ್ದ ಕಾಲವಿತ್ತು. ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಅಂಥವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಅದಕ್ಕೆಂದೇ ಸ್ವಂತ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಗಾಯಾಳುವನ್ನು ಎತ್ತಿದ ಕೈಗೆ ಕೊಟ್ಟ ರಕ್ಷಣೆಯನ್ನು ಅನ್ನ ಕೊಟ್ಟ ಕೈಗೂ ಕೊಡಬಹುದಲ್ಲವೇ?

ವಕೀಲ_ಹುಬ್ಬಳ್ಳಿ

ಪಾಟೀಲರೇ, ಈ ಹೋಲಿಕೆ ನನಗೂ ಹೊಳೆದಿರಲಿಲ್ಲ. ಆಹಾರ ಕಲಬೆರಕೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಎಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, ಇರುವುದರಿಂದ ರಾಜ್ಯ ಶಾಸನ ಮಾಡಬಹುದು. ಕೇಂದ್ರದ 2006ರ ಕಾಯ್ದೆಗೆ ವಿರುದ್ಧವಾಗುವ ಅಂಶವಿದ್ದರೆ 254ನೆಯ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ದಾರಿ ಉದ್ದ, ಆದರೆ ಮುಚ್ಚಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಪಘಾತದಲ್ಲಿ ನೆರವಾದವನು ಗಾಯಕ್ಕೆ ಕಾರಣನಲ್ಲ. ಅಡುಗೆ ಕೊಟ್ಟವನು, ಏನಾದರೂ ಆದರೆ, ಕಾರಣದ ಸರಪಳಿಯಲ್ಲಿ ಇದ್ದೇ ಇರುತ್ತಾನೆ. ಆದ್ದರಿಂದ ಆಶ್ರಮದವರು ಹೇಳಿದಂತೆ, ಷರತ್ತು ಇಲ್ಲದ ರಕ್ಷಣೆಯನ್ನು ಶಾಸಕಾಂಗವೂ ಒಪ್ಪಬಾರದು.

ಮಿಲಾನಿನಿಂದ

ಇಟಲಿ 2003ರಲ್ಲಿ ಬೇರೆ ದಾರಿ ಹಿಡಿಯಿತು ಎಂಬುದನ್ನು ಸೇರಿಸುತ್ತೇನೆ. ಆಹಾರ ಹಂಚುವ ದತ್ತಿ ಸಂಸ್ಥೆಯನ್ನೇ, ಸಂಗ್ರಹ ಮತ್ತು ಸಾಗಣೆಯ ಮಟ್ಟಿಗೆ, ಅಂತಿಮ ಬಳಕೆದಾರನೆಂದು ಪರಿಗಣಿಸುವ ಚಿಕ್ಕ ಕಾಯ್ದೆ ಅದು. ಕೊಟ್ಟವರ ಹೊಣೆ ಸಂಸ್ಥೆಯ ಬಾಗಿಲಿಗೆ ಮುಗಿಯುತ್ತದೆ. 2016ರಲ್ಲಿ ಇನ್ನೊಂದು ಕಾಯ್ದೆ ಬಂದು ದಾನದ ಕ್ರಮವನ್ನು ವಿಸ್ತಾರವಾಗಿ ಹೇಳಿತು. ಅದೇ ವರ್ಷ ಫ್ರಾನ್ಸ್ 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ದತ್ತಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವಂತೆ ಮಾಡಿತು.

ಆಶ್ರಮದ_ಅಡುಗೆಮನೆ

ಇಟಲಿಯ ಕ್ರಮ ನಮ್ಮಂಥ ಚಿಕ್ಕ ಸಂಸ್ಥೆಗಳ ಮೇಲೆ ಭಾರ ಹೊರಿಸುವಂತೆ ಕಾಣುತ್ತದೆ. ನಮ್ಮಲ್ಲಿ ಅಡುಗೆಗೆ ಇಬ್ಬರು, ಫ್ರಿಜ್ ಒಂದು. ಬಾಗಿಲಿಗೆ ಬಂದ ಮೇಲೆ ಎಲ್ಲ ನಮ್ಮದೇ ಎಂದರೆ ನಾವು ಬಾಗಿಲನ್ನೇ ತೆರೆಯುವುದಿಲ್ಲ. ಬೇಡ ಎನ್ನುವ ಹಕ್ಕು ನಮಗೆ ಇರಲಿ, ಮತ್ತು ಬೇಡ ಎಂದದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳದಿರಲಿ.

ಅಡುಗೆ_ಗುತ್ತಿಗೆ

ಅಮ್ಮನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಹಾಗೆಯೇ, ಬೇಡ ಎನ್ನುವ ಹಕ್ಕು ನಮಗೂ ಇರಬೇಕು. ಮಧ್ಯಾಹ್ನ ಒಂದೂವರೆಗೆ ಕೊಡಿ ಎಂದರೆ ಕೊಡುತ್ತೇನೆ. ನಾಲ್ಕಕ್ಕೆ ಕೊಡಿ ಎಂದರೆ ಅನ್ನ ಕೊಡಲಾರೆ, ಹೋಳಿಗೆ ಕೊಟ್ಟೇನು. ಬೇಗ ಕೊಡಬೇಕೆಂದರೆ ಎಷ್ಟು ಮಿಗುತ್ತದೆ ಎಂದು ಎರಡನೆಯ ಪಂಕ್ತಿ ಏಳುವ ಹೊತ್ತಿಗೇ ಯಾರಾದರೂ ಲೆಕ್ಕ ಹಾಕಬೇಕು. ಮನೆಯವರು ಆಗ ಬೀಗರ ಉಪಚಾರದಲ್ಲಿ ಇರುತ್ತಾರೆ. "ಇನ್ನೂ ಜನ ಬರಬಹುದು" ಎಂಬ ಒಂದು ಮಾತಿಗೆ ಎರಡು ಗಂಟೆ ಕಳೆದುಹೋಗುತ್ತದೆ. ಅನ್ನ ಕೆಡುವುದು ಆ ಎರಡು ಗಂಟೆಗಳಲ್ಲಿ.

ಕೃಷಿ_ಪದವೀಧರ

ಪ್ರಮಾಣದ ಅಂದಾಜಿಗೆ: ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿದ್ದರು. ಅದರಲ್ಲಿ ಎಲೆಯ ಮೇಲೆ ಬಿಟ್ಟದ್ದು ಬಹುಪಾಲು ಇರಬಹುದು, ಅದನ್ನು ಯಾವ ಕಾಯ್ದೆಯೂ ದಾನಕ್ಕೆ ಯೋಗ್ಯವಾಗಿಸದು. ಕೊಳಗದಲ್ಲೇ ಉಳಿದ ಪಾಲನ್ನು ಉಳಿಸಲು ಮಾತ್ರ ಈ ಚರ್ಚೆ ನೆರವಾಗಬಲ್ಲದು.

ನ್ಯೂಜೆರ್ಸಿ_ಕನ್ನಡತಿ

ಗುತ್ತಿಗೆದಾರರು ಹೇಳಿದ ಹೊತ್ತಿನ ಮಾತು ಇಲ್ಲಿಯೂ ನಿಜ. ಕಾಯ್ದೆ ಬಂದು ಇಷ್ಟು ವರ್ಷಗಳಾದರೂ ನಮ್ಮ ಪ್ಯಾಂಟ್ರಿ ಮದುವೆ ಹಾಲ್‌ಗಳಿಂದ ಬೇಯಿಸಿದ ಅಡುಗೆಯನ್ನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬಿಸಿಯಾಗಿ ಸಾಗಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಡಬ್ಬಿಯ ಪದಾರ್ಥ, ಬ್ರೆಡ್, ತರಕಾರಿ ಮಾತ್ರ ಪಡೆಯುತ್ತೇವೆ. ಕಾಯ್ದೆ ಭಯವನ್ನು ಕಡಿಮೆ ಮಾಡಿತು, ಪಾತ್ರೆಯನ್ನು ಬಿಸಿಯಾಗಿಡಲಿಲ್ಲ.

ಮಂಟಪದ_ಕಾರ್ಯದರ್ಶಿ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ನಿನ್ನೆ ಸಮಿತಿಯ ಸಭೆಯಲ್ಲಿ ಇಟ್ಟು, ಕಾಯ್ದೆ ಬರುವವರೆಗೆ ನಮ್ಮ ಭವನದಲ್ಲಿ ನಡೆಸಬಹುದಾದ ಒಂದು ಕ್ರಮವನ್ನು ಒಪ್ಪಿಸಿಕೊಂಡಿದ್ದೇನೆ. ಭವನವನ್ನು ಗೊತ್ತು ಮಾಡುವಾಗಲೇ, ಮಿಕ್ಕ ಅಡುಗೆ ಕೊಡಲು ಸಮ್ಮತಿ ಇದೆಯೇ ಎಂದು ಮನೆಯವರಿಂದಲೂ ಗುತ್ತಿಗೆದಾರರಿಂದಲೂ ಬರೆಸಿಕೊಳ್ಳುತ್ತೇವೆ. ಎರಡನೆಯ ಪಂಕ್ತಿ ಎದ್ದ ಮೇಲೆ ಭವನದ ಮೇಲ್ವಿಚಾರಕರೇ ಅಡುಗೆಮನೆಗೆ ಹೋಗಿ ಲೆಕ್ಕ ಹಾಕುತ್ತಾರೆ. ಪಂಕ್ತಿಗೆ ಹೋದ ಪಾತ್ರೆಯದು ಏನೂ ಸೇರುವುದಿಲ್ಲ. ಅನ್ನ ಇಳಿಸಿದ ಹೊತ್ತು, ಕೊಟ್ಟ ಹೊತ್ತು, ಆಗಿನ ಶಾಖ ಇವನ್ನು ಚೀಟಿಯಲ್ಲಿ ಬರೆದು ಪಾತ್ರೆಗೆ ಅಂಟಿಸಿ, ಪ್ರತಿಯನ್ನು ನಮ್ಮ ಪುಸ್ತಕದಲ್ಲಿ ಇಡುತ್ತೇವೆ. ನೋಂದಣಿ ಇರುವ ಸಂಸ್ಥೆಗೆ ಮಾತ್ರ ಕೊಡುತ್ತೇವೆ. ಶಾಖ ಅಳೆಯುವ ಥರ್ಮಾಮೀಟರ್ ಕೊಳ್ಳಲು ಸಮಿತಿ ಹಣ ಮಂಜೂರು ಮಾಡಿದೆ.

ಪಾಟೀಲರು ಹೇಳಿದ ರಾಜ್ಯ ಕಾಯ್ದೆಯ ಬಗ್ಗೆ ನಮ್ಮ ಕ್ಷೇತ್ರದ ಶಾಸಕರಿಗೆ ಮನವಿ ಕೊಡಲು ನಿರ್ಧರಿಸಿದ್ದೇವೆ. ಕರಡನ್ನು ವಕೀಲರು ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ.

ವಕೀಲ_ಹುಬ್ಬಳ್ಳಿ

ಖಂಡಿತ ನೋಡುತ್ತೇನೆ. ಒಂದು ವಾಕ್ಯವನ್ನು ಮೊದಲೇ ಸೇರಿಸಿಡಿ: ನಿಗದಿಪಡಿಸಿದ ಹೊತ್ತು ಮತ್ತು ಶಾಖವನ್ನು ಪಾಲಿಸಿ ದಾಖಲೆ ಇಟ್ಟ ದಾನಿಗೆ ಮಾತ್ರ ರಕ್ಷಣೆ, ಮತ್ತು ಉಂಡವರ ಚಿಕಿತ್ಸೆಯ ವೆಚ್ಚ ಯಾವ ಸಂದರ್ಭದಲ್ಲಿಯೂ ಅವರ ಮೇಲೆ ಬೀಳದಂತೆ ಸರ್ಕಾರದ ನಿಧಿಯಿಂದ ಭರಿಸಬೇಕು.

ಸೂಕ್ಷ್ಮಜೀವಿ_ಪಾಠ

ಥರ್ಮಾಮೀಟರನ್ನು ಕೊಳಗದ ಅಂಚಿನಲ್ಲಿ ಅಲ್ಲ, ನಡುವೆ, ಆಳಕ್ಕೆ ಚುಚ್ಚಿ ನೋಡಬೇಕು. ಪ್ರತಿ ಪಾತ್ರೆಗೆ ಮುನ್ನ ಅದನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ.

ಆಶ್ರಮದ_ಅಡುಗೆಮನೆ

ಕಾರ್ಯದರ್ಶಿಗಳೇ, ಚೀಟಿಯಲ್ಲಿ ಇನ್ನೊಂದು ಸಾಲು ಇರಲಿ: ಎಷ್ಟು ಜನಕ್ಕೆ ಆಗುತ್ತದೆ ಎಂಬುದು. ನಲವತ್ತಾರು ಜನರ ಮನೆಗೆ ಇನ್ನೂರು ಜನರ ಅನ್ನ ಬಂದರೆ ಉಳಿದದ್ದನ್ನು ರಾತ್ರಿಗೆ ಇಡುವ ಆಸೆ ಯಾರಿಗಾದರೂ ಆಗುತ್ತದೆ. ಮತ್ತು ದಯವಿಟ್ಟು ಹನ್ನೆರಡೂವರೆಯ ಒಳಗೆ ಫೋನ್ ಮಾಡಿ. ಒಂದು ಗಂಟೆಗೆ ನಮ್ಮ ಒಲೆ ಹೊತ್ತಿರುತ್ತದೆ.